ಓರಗಿತ್ತಿಯ ದುಡ್ಡು

ಸರ್ಕಾರದ ನೆರವಿನ ಹಣ ಕೊಡುವ ಬೆನಿಫಿಟ್ ಕಚೇರಿಯಿಂದ ಬಂದ ಸಂದೇಶವನ್ನು ನೆವಿಲ್ ಫುಟ್‌ಬಾಲ್ ಸ್ಕೋರ್ ಓದುವ ಹಾಗೆ ಗಟ್ಟಿಯಾಗಿ ಓದಿದ. ಗಂಡಹೆಂಡತಿ ಇಬ್ಬರೂ ತಮ್ಮ ತಮ್ಮ ಹೆಸರಿನ ಎಲ್ಲ ಖಾತೆಗಳ ನಾಲ್ಕು ತಿಂಗಳ ವಿವರ ತೆಗೆದಿಟ್ಟುಕೊಂಡು ಕೇಳಿದಾಗ ಕಳಿಸಬೇಕು. ಮುಂದಿನ ಗುರುವಾರ ಬೆಳಿಗ್ಗೆ ಫೋನ್ ಬರುತ್ತದೆ, ಆಗ ಇಬ್ಬರೂ ಮನೆಯಲ್ಲಿರಬೇಕು.

"ಮಾಮೂಲಿ ತಪಾಸಣೆ ಅಂತೆ. ನೋಡ್ಕೊಳ್ಲಿ ಬಿಡು," ಅಂದ. "ನಮ್ಮನೇಲಿ ಮುಚ್ಚಿಡೋಕೆ ಏನಿದೆ, ನನ್ನ ತೂತು ಬನೀನು ಬಿಟ್ರೆ?"

ಆಲೂಗಡ್ಡೆ ಸುಲಿಯುತ್ತಿದ್ದ ಗೇನರ್‌ಳ ಕೈ ನಿಂತಿತು. ಅವಳು ಗಂಡನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಆ ಕ್ಷಣವೇ ಸಿಕ್ಕಿಬೀಳುತ್ತಿದ್ದಳು, ಯಾಕೆಂದರೆ ಅರವತ್ತೊಂದು ವರ್ಷವಾದರೂ ಅವಳ ಮುಖಕ್ಕೆ ಸುಳ್ಳು ಹೇಳುವುದು ಒಗ್ಗಿರಲಿಲ್ಲ.

ನೆವಿಲ್ ಇಂಗ್ಲೆಂಡಿನ ಗ್ರಿಮ್ಸ್‌ಬಿಯ ಮೀನು ಬಂದರಿನಲ್ಲಿ ನಲವತ್ತು ವರ್ಷಕ್ಕೂ ಮಿಕ್ಕಿ ಮೀನು ಸೀಳಿದವನು. ಹೃದಯ ಕೈಕೊಟ್ಟ ಮೇಲೆ ಮನೆ ಹಿಡಿದ. ಗೇನರ್ ವಾರಕ್ಕೆ ಮೂರು ದಿನ ಮೀನು ಪ್ಯಾಕ್ ಮಾಡುವ ಕಾರ್ಖಾನೆಗೆ ಹೋಗುತ್ತಾಳೆ. ಅವಳ ಸಂಬಳ ಊಟಕ್ಕೂ ಕರೆಂಟಿಗೂ ಆಗುತ್ತದೆ. ಬಾಡಿಗೆ ಮಾತ್ರ ಕಚೇರಿಯ ಹಣದಿಂದಲೇ ಹೋಗಬೇಕು. ಆ ಹಣ ನಿಂತಿತೆಂದರೆ ಮನೆ ಬಿಡಬೇಕು, ಅಷ್ಟೇ ಮಾತು.

ಅದು ನಿಲ್ಲುವುದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತು. ಗಂಡನ ಉಳಿತಾಯ, ಹೆಂಡತಿಯ ಉಳಿತಾಯ ಅಂತ ಆ ಕಚೇರಿಯಲ್ಲಿ ಬೇರೆ ಬೇರೆ ಇಲ್ಲ. ಇಬ್ಬರೂ ಒಂದೇ ಮಂಚದಲ್ಲಿ ಮಲಗಿದರೆ ಅವರ ದುಡ್ಡೂ ಒಂದೇ ಮಂಚದಲ್ಲಿ ಮಲಗಿದಂತೆ. ಎರಡೂ ಸೇರಿ ಆರು ಸಾವಿರ ಪೌಂಡ್ ದಾಟಿದರೆ ತಿಂಗಳ ಹಣದಲ್ಲಿ ಕಡಿತ ಶುರು. ಹದಿನಾರು ಸಾವಿರ ದಾಟಿದರೆ ಬಿಡಿಗಾಸೂ ಇಲ್ಲ, ದಾಟಿದ ಮೇಲೆ ಕೊಟ್ಟದ್ದನ್ನೂ ವಾಪಸ್ ಕೇಳುತ್ತಾರೆ. ಮೀನಿನ ಕಂಪನಿ ಮುಚ್ಚಿದಾಗ ನೆವಿಲ್‌ಗೆ ಸಿಕ್ಕಿದ್ದರಲ್ಲಿ ಏಳು ಸಾವಿರ ಉಳಿದಿದೆ. ಅದನ್ನು ಅವನು ಪೆನ್ನಿ ಬಿಡದೆ ಕಚೇರಿಗೆ ತಿಳಿಸಿದ್ದಾನೆ. ತಿಳಿಸದೆ ಇದ್ದದ್ದು ಗೇನರ್‌ಳ ಹೆಸರಿನ ಇನ್ನೊಂದು ಖಾತೆ. ಅದರಲ್ಲಿ ಈ ಹೊತ್ತಿಗೆ ಹನ್ನೆರಡು ಸಾವಿರವಿತ್ತು, ಮತ್ತು ಅವಳ ಲೆಕ್ಕದಲ್ಲಿ ಒಂದು ಪೌಂಡೂ ಅವಳದಾಗಿರಲಿಲ್ಲ.

ಅದು ಡಿಡ್ಲಮ್ ದುಡ್ಡು. ಕ್ರಿಸ್ಮಸ್ ಚೀಟಿ ಅನ್ನಿ. ಕಾರ್ಖಾನೆಯ ಮೂವತ್ತು ಹೆಂಗಸರು ವಾರವಾರವೂ ಇಷ್ಟಿಷ್ಟು ತಂದು ಗೇನರ್‌ಳ ಕೈಗೆ ಹಾಕುತ್ತಾರೆ, ಡಿಸೆಂಬರ್‌ನಲ್ಲಿ ಅವಳು ಲಕೋಟೆಗಳಲ್ಲಿ ಹಿಂದಿರುಗಿಸುತ್ತಾಳೆ. ಬಡ್ಡಿಯಿಲ್ಲ, ಬಹುಮಾನವಿಲ್ಲ. ಬ್ಯಾಂಕಿನಲ್ಲೇ ಇಡಬಹುದಲ್ಲ ಎಂದು ಬುದ್ಧಿ ಹೇಳುವವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ಬ್ಯಾಂಕಿನ ದುಡ್ಡು ಗಂಡಂದಿರ ಕಣ್ಣಿಗೆ ಬೀಳುತ್ತದೆ, ಡಿಡ್ಲಮ್ ದುಡ್ಡು ಬೀಳುವುದಿಲ್ಲ. ಯಾರು ಎಷ್ಟು ಕಟ್ಟುತ್ತಾರೆಂದು ಚೀಟಿ ಹಿಡಿದವಳು ಪ್ರಾಣ ಹೋದರೂ ಬಾಯಿ ಬಿಡಬಾರದು. ಗೇನರ್‌ಳ ತಾಯಿಯೂ ಚೀಟಿ ಹಿಡಿದವಳೇ. ಹಾಗೇ ಬಾಯಿ ಮುಚ್ಚಿಕೊಂಡೇ ಸತ್ತಳು.

ಮೊದಲೆಲ್ಲ ದುಡ್ಡು ಮೆಟ್ಟಿಲ ಕೆಳಗಿನ ಬಿಸ್ಕತ್ತು ಡಬ್ಬಿಯಲ್ಲಿರುತ್ತಿತ್ತು. ಎರಡು ಮನೆ ಆಚೆ ಕಳ್ಳರು ನುಗ್ಗಿದ ವರ್ಷ ಗೇನರ್ ಹೆದರಿ, ಯಾರಿಗೂ ಹೇಳದೆ, ತನ್ನ ಹೆಸರಿನಲ್ಲಿ ಖಾತೆ ತೆರೆದು ಅಲ್ಲಿ ಹಾಕಿದಳು. ಆಮೇಲೆ ನೆವಿಲ್ ಕಾಯಿಲೆ ಬಿದ್ದು ಕಚೇರಿಗೆ ಅರ್ಜಿ ಹಾಕುವಾಗ ಅವನೇ ಕನ್ನಡಕ ಏರಿಸಿಕೊಂಡು ಕೇಳಿದ್ದ: "ನಿನ್ನ ಹೆಸರಲ್ಲಿ ಬೇರೆ ಖಾತೆ ಏನಾದ್ರೂ ಇದೆಯೇನೇ?" ಅವಳು ಇಲ್ಲ ಅಂದಿದ್ದಳು. ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ಊರವರ ಕೊಡೆ ನಮ್ಮ ಮನೆಯ ಮೂಲೆಯಲ್ಲಿದ್ದರೆ ಅದನ್ನು ನಮ್ಮದು ಅನ್ನುತ್ತೇವೆಯೇ? ಆದರೆ ಕಚೇರಿಗೆ ಯಾರ ಮನೆಯ ಮೂಲೆ ಅನ್ನುವುದಷ್ಟೇ ಕಾಣುತ್ತದೆ.

ಸಂದೇಶ ಬಂದ ಮಾರನೆಯ ದಿನ ಗೇನರ್ ಕಾರ್ಖಾನೆಯಲ್ಲಿ ಹ್ಯಾಡಕ್ ಮೀನಿನ ಪೆಟ್ಟಿಗೆಗೆ ಕಾಡ್ ಮೀನಿನ ಲೇಬಲ್ ಅಂಟಿಸಿ ಮೇಲ್ವಿಚಾರಕನಿಂದ ಬೈಸಿಕೊಂಡಳು. ಪಕ್ಕದಲ್ಲಿ ನಿಂತಿದ್ದ ಐರಿಸ್ ಅವಳನ್ನು ದರದರ ಎಳೆದುಕೊಂಡು ಕ್ಯಾಂಟೀನಿನ ಮೂಲೆಗೆ ಹೋದಳು. ಐರಿಸ್ ವಿಧವೆ, ಎಲ್ಲರಿಗಿಂತ ಹಿರಿಯಳು. ಅವಳ ಬಾಯಿಗೆ ಹೆದರದವರು ಆ ಕಾರ್ಖಾನೆಯಲ್ಲಿ ಯಾರೂ ಇಲ್ಲ.

"ಏನಾಗಿದೆ ನಿಂಗೆ? ಸತ್ತ ಮೀನಿಗೇ ನಿನಗಿಂತ ಕಳೆ ಇದೆ."

ಗೇನರ್ ಎಲ್ಲ ಹೇಳಿದಳು. ಐರಿಸ್ ಚಹಾದ ಲೋಟ ಕೆಳಗಿಟ್ಟಳು.

"ಇಷ್ಟಕ್ಕೆ ಹೀಗಾಡ್ತೀಯಾ? ಇವತ್ತೇ ಎಲ್ಲರಿಗೂ ಹಂಚಿಬಿಡು. ಖಾತೆ ಖಾಲಿ, ಕಥೆ ಮುಗೀತು."

"ನಾಲ್ಕು ತಿಂಗಳ ವಿವರದಲ್ಲಿ ಎಲ್ಲಾ ಕಾಣುತ್ತೆ ಕಣೇ. ಈಗ ತೆಗೆದ್ರೆ ಬೇಕಂತಲೇ ಬಚ್ಚಿಟ್ರು ಅಂತಾರೆ. ಅದು ಇನ್ನೂ ದೊಡ್ಡ ತಪ್ಪಂತೆ."

"ಹಾಗಾದ್ರೆ ದುಡ್ಡು ನಮ್ಮದು ಅಂತ ನಾವೇ ಬರ್ಕೊಡ್ತೀವಿ. ನೀನು ಹೆಸರು ಹೇಳ್ಬೇಡ. ನಮ್ಮ ಬಾಯಿಗೇನು ಬೀಗ ಬಿದ್ದಿದೆಯಾ?"

ಊಟದ ಹೊತ್ತಿಗೆ ಐರಿಸ್ ಬಾಗಿಲಿಗೆ ಅಡ್ಡ ನಿಂತು ಎಲ್ಲರನ್ನೂ ಕೂರಿಸಿದಳು. ವಿಷಯ ಬಿಡಿಸಿ ಹೇಳಿದಳು. ಆಮೇಲೆ ಒಬ್ಬಳು, "ನನ್ನ ಗಂಡನಿಗೆ ಗೊತ್ತಾದ್ರೆ ಈ ಕ್ರಿಸ್ಮಸ್‌ಗೆ ಅವನೂ ಒಂದು ದೊಡ್ಡ ಟಿ.ವಿ. ಕೇಳ್ತಾನೆ, ಹಾಳಾಗಿ ಹೋಗ್ಲಿ, ಬರ್ಕೋ ನನ್ನ ಹೆಸರು" ಅಂದಳು. ಲಿಥುವೇನಿಯಾದ ದಾನುತೆ ಕೈಯೆತ್ತಿದಳು. "ನನ್ನ ಗಂಡ ಊರಲ್ಲಿದಾನೆ. ಕಚೇರಿಯವ್ರು ಅವನಿಗೆ ಫೋನ್ ಮಾಡ್ಲಿ. ನಾನು ಮಾಡಿದ್ರೆ ಎತ್ತೋದೇ ಇಲ್ಲ." ನಗು ಎದ್ದಿತು. ನಗು ಎದ್ದ ಮೇಲೆ ಪೆನ್ನುಗಳೂ ಹೊರಬಂದವು. ಗೇನರ್‌ಗೆ ಅಳು ಬಂತು. ಈ ಹೆಂಗಸರ ಮೇಲೆ ಅವಳಿಗೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ.

ಆದರೆ ಗೋಡೆ ಪಕ್ಕ ಕೂತಿದ್ದ ಟೀನಾ ನಗಲಿಲ್ಲ, ಪೆನ್ನನ್ನೂ ಮುಟ್ಟಲಿಲ್ಲ.

ಟೀನಾ ಗೇನರ್‌ಳ ಓರಗಿತ್ತಿ, ನೆವಿಲ್‌ನ ತಮ್ಮ ಬ್ಯಾರಿಯ ಹೆಂಡತಿ. ಸಂಜೆ ಬಸ್ ನಿಲ್ದಾಣದಲ್ಲಿ, ಸಮುದ್ರದ ಕಡೆಯಿಂದ ಜಿನುಗು ಮಳೆ ಅಡ್ಡಡ್ಡ ಹೊಡೆಯುತ್ತಿರುವಾಗ, ಅವಳು ಗೇನರ್‌ಳ ತೋಳು ಹಿಡಿದುಕೊಂಡಳು.

"ಅಕ್ಕಾ, ನಂದು ಬೇಡ."

"ನನಗೆ ಗೊತ್ತು ಕಣೇ."

"ಗೊತ್ತಿಲ್ಲ ನಿಂಗೆ. ನಾನು ಮೂರು ವರ್ಷದಿಂದ ಕ್ರಿಸ್ಮಸ್‌ಗೆ ಲಕೋಟೆ ತಗೊಳ್ದೆ ನಿನ್ನ ಹತ್ರಾನೇ ಬಿಟ್ಟಿದ್ದು ಯಾಕೆ ಅಂದ್ಕೊಂಡೆ? ಲಿಂಕನ್ ಊರಲ್ಲಿ ಒಂದು ರೂಮು ನೋಡಿದೀನಿ. ಜನವರಿಲಿ ಹೋಗ್ಬಿಡ್ತೀನಿ." ಅವಳು ರಸ್ತೆಯ ಎರಡೂ ತುದಿ ನೋಡಿದಳು. "ಬ್ರೆಡ್ ತಂದ್ರೂ ರಸೀದಿ ಕೇಳ್ತಾನಕ್ಕಾ. ಸಂಬಳ ಅವನ ಖಾತೆಗೇ ಹೋಗುತ್ತೆ, ಊಟದ ಬಿಡುವಲ್ಲಿ ಕ್ಯಾಂಟೀನ್ ಪಾತ್ರೆ ತೊಳೆದು ಸಿಗೋದಷ್ಟೇ ನನ್ನ ಕೈಗೆ. ಹತ್ತು ನಿಮಿಷ ತಡವಾದ್ರೆ ಫೋನ್ ಮಾಡ್ತಾನೆ, ಎತ್ತದಿದ್ರೆ..."

ಅವಳು ಗೇನರ್‌ಳ ತೋಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಬ್ಯಾರಿ ಮನೆಗೂ ಅದೇ ಕಚೇರಿಯ ಹಣ ಬರುತ್ತದೆ, ಗಂಡಹೆಂಡತಿ ಇಬ್ಬರ ಹೆಸರಿನ ಅರ್ಜಿಯ ಮೇಲೆ. ಟೀನಾಳ ದುಡ್ಡು ಮೂರು ಸಾವಿರದ ನಾನೂರು. ಆರು ಸಾವಿರದ ಒಳಗೇ ಇರುವುದರಿಂದ ಅವರ ಹಣದಲ್ಲಿ ಒಂದು ಪೆನ್ನಿಯೂ ಕಡಿಮೆಯಾಗದು. ಆದರೆ ಹೆಂಡತಿಯ ಹೆಸರಿನಲ್ಲಿ ದುಡ್ಡಿದೆ ಎಂದು ತಿಳಿದ ದಿನ ಕಚೇರಿಯವರು ಗಂಡನನ್ನೂ ಕೇಳುತ್ತಾರೆ. ಕೇಳಿದ ಸಂಜೆ ಟೀನಾಳ ಗತಿ ಏನು?

"ನಾನು ಬಾಯಿ ಬಿಡಲ್ಲ," ಅಂದಳು ಗೇನರ್.

"ನೆವಿಲ್‌ಗೂ?"

"ಅವನಿಗೆ ಹೇಳೋದೂ ಒಂದೇ, ಬ್ಯಾರಿಗೆ ಹೇಳೋದೂ ಒಂದೇ."

ಅದು ನಿಜವೇ ಆಗಿತ್ತು. ಅವರಪ್ಪ ಮೀನು ಹಿಡಿಯಲು ಹೋದ ಟ್ರಾಲರ್ ದೋಣಿ ಐಸ್‌ಲ್ಯಾಂಡ್ ಕಡೆಯಿಂದ ವಾಪಸ್ ಬಾರದ ವರ್ಷ ನೆವಿಲ್‌ಗೆ ಹದಿನೈದು, ಬ್ಯಾರಿಗೆ ಆರು. ಶಾಲೆ ಬಿಟ್ಟು ಮೀನು ಸೀಳುವ ಚೂರಿ ಹಿಡಿದ ನೆವಿಲ್ ತಮ್ಮನಿಗೆ ಶೂಸು ಕೊಡಿಸಿದ, ಸೈಕಲ್ ಕೊಡಿಸಿದ, ಮದುವೆಯ ಖರ್ಚನ್ನೂ ಹೊತ್ತ. ತಮ್ಮನ ಬಗ್ಗೆ ಯಾರಾದರೂ ಎರಡು ಮಾತಾಡಿದರೆ ಇವತ್ತಿಗೂ ಅವನ ಕಿವಿ ಕೆಂಪಾಗುತ್ತದೆ.

ಭಾನುವಾರ ಎಂದಿನಂತೆ ಬ್ಯಾರಿ, ಟೀನಾ ಊಟಕ್ಕೆ ಬಂದರು. ಗೇನರ್ ಹುರಿದ ಮಾಂಸ ಬಡಿಸುತ್ತ ಒಬ್ಬರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಬ್ಯಾರಿ ಖುಷಿಯಲ್ಲಿದ್ದ. ತಮಾಷೆ ಮಾಡುತ್ತಲೇ ಟೀನಾಳ ಪರ್ಸನ್ನು ಮೇಜಿನ ಮೇಲೆ ಬಗ್ಗಿಸಿ ಸುರಿದ.

"ನೋಡಣ್ಣ, ಬೆಳಿಗ್ಗೆ ಇಪ್ಪತ್ತು ಕೊಟ್ಟು ಅಂಗಡಿಗೆ ಕಳಿಸಿದ್ದೆ. ಎಷ್ಟು ಚಿಲ್ಲರೆ ವಾಪಸ್ ತಂದಿದಾಳೆ ನೋಡು. ಇವಳ ಕೈಲಿ ದುಡ್ಡು ಕೊಟ್ರೆ ನಾಯೀನ ಸಾಸೇಜ್ ಕಾಯೋಕೆ ಬಿಟ್ಟ ಹಾಗೆ."

"ಕಸ್ಟರ್ಡ್ ಪುಡಿ ತಗೊಂಡೆ," ಅಂದಳು ಟೀನಾ.

"ಯಾರು ಹೇಳಿದ್ರು ತಗೋ ಅಂತ?" ಇನ್ನೂ ನಗುತ್ತಲೇ ಕೇಳಿದ. ಟೀನಾ ಉತ್ತರ ಹೇಳುವ ಮುನ್ನ ಅವನ ಬಲಗೈ ಎಲ್ಲಿದೆಯೆಂದು ನೋಡಿಕೊಂಡಳು. ಅದನ್ನು ಗೇನರ್ ಕಂಡಳು. ನೆವಿಲ್ ಎಂದಿನ ಹಾಗೆ ತಮ್ಮನ ಮಾತಿಗೆ ನಗಲು ಬಾಯಿ ತೆರೆದವನು ನಗದೆ ಮುಚ್ಚಿದ, ತಟ್ಟೆ ನೋಡುತ್ತ ಬಟಾಣಿಯನ್ನು ಆ ಕಡೆಯಿಂದ ಈ ಕಡೆಗೆ ತಳ್ಳತೊಡಗಿದ. ಅವನು ಏನನ್ನು ನೋಡಿದನೋ ಅವಳಿಗೆ ತಿಳಿಯಲಿಲ್ಲ. ಹೃದಯದ ಮಾತ್ರೆ ನುಂಗಿದಾಗಲೂ ಅವನು ಹಾಗೆ ಸುಮ್ಮನಾಗುವುದುಂಟು.

ಬುಧವಾರದವರೆಗೂ ಹೇಳುವೆ ಹೇಳುವೆ ಎಂದುಕೊಂಡು ಅವಳು ಖಾತೆಯ ವಿಷಯ ನೆವಿಲ್‌ಗೆ ಹೇಳಲಿಲ್ಲ. ಗುರುವಾರ ಬೆಳಿಗ್ಗೆ, ಫೋನ್ ಬರಲು ಇನ್ನು ಸ್ವಲ್ಪ ಹೊತ್ತಿದೆ ಎನ್ನುವಾಗ, ಅಡುಗೆಮನೆಯ ಮೇಜಿನ ಮೇಲೆ ಖಾತೆಯ ಹಾಳೆಗಳನ್ನೂ ಹೆಂಗಸರು ಬರೆದುಕೊಟ್ಟ ಕಾಗದಗಳನ್ನೂ ಇಟ್ಟು ಒಂದೇ ಉಸಿರಿಗೆ ಹೇಳಿಬಿಟ್ಟಳು.

ನೆವಿಲ್‌ನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ಹನ್ನೆರಡು ಸಾವಿರ! ಬಿಸ್ಕತ್ತು ಡಬ್ಬಿಲಿದೆ ಅಂದ್ಕೊಂಡಿದ್ದೆನಲ್ಲೇ ನಾನು!"

"ಕಳ್ಳರ ಭಯಕ್ಕೆ..."

"ಈಗ ನಾವೇ ಕಳ್ಳರಾದ್ವಲ್ಲ! ಅರ್ಜಿಲಿ ನನ್ನ ಹೆಸರೂ ಇದೆ ಗೇನರ್. ನೀನು ಹೇಳಿದ್ದು ನಾನು ಹೇಳಿದ ಹಾಗೇ. ನಲವತ್ತು ವರ್ಷ ಬಂದರಲ್ಲಿ ಒಂದು ಮೀನು ಕೋಟಿನೊಳಗೆ ಇಟ್ಕೊಂಡು ಬಂದವನಲ್ಲ ನಾನು." ಅವಳು ನೀರು ಕೊಟ್ಟಳು. ಕುಡಿದ. ಒಂದೊಂದೇ ಕಾಗದ ಓದತೊಡಗಿದ. ಓದುತ್ತ ಓದುತ್ತ ಸಿಟ್ಟು ಸ್ವಲ್ಪ ಇಳಿಯಿತು. "ಪರವಾಗಿಲ್ಲ ಕಣೇ ನಿನ್ನ ಗೆಳತೀರು. ಎಲ್ಲಾ ಅವರದು ಅಂತ ಸಾಬೀತಾದ್ರೆ ನಮಗೇನೂ ಆಗಲ್ಲ." ಮತ್ತೆ ಕೂಡಿದ. "ಎಂಟು ಸಾವಿರದ ಆರುನೂರು ಬರ್ತಿದೆ. ಮಿಕ್ಕಿದ್ದು?"

"ಅದು... ನಂದೇ."

"ನಿಂದು?" ಅವನು ನಕ್ಕೇಬಿಟ್ಟ. "ನೀನು ಐವತ್ತು ಪೌಂಡ್ ಒಂದು ವಾರ ಇಟ್ಕೊಂಡಿದ್ದು ನಾನು ನೋಡಿಲ್ಲ. ಯಾರದೇ ಅದು?"

ಗೇನರ್ ಖಾತೆಯ ಹಾಳೆಗಳನ್ನು ಜೋಡಿಸತೊಡಗಿದಳು. ನೆವಿಲ್ ಮತ್ತೆ ಕಾಗದಗಳನ್ನು ಒಂದೊಂದಾಗಿ ತಿರುಗಿಸಿದ. ಈ ಸಲ ಅವನು ನೋಡುತ್ತಿದ್ದುದು ಹೆಸರುಗಳನ್ನು. ಕೊನೆಯದನ್ನು ಕೆಳಗಿಟ್ಟ.

"ಟೀನಾ ಚೀಟಿ ಕಟ್ಟಲ್ವಾ?" ಅಂದ, ಬಹಳ ಮೆಲ್ಲಗೆ.

"ಇಲ್ಲ," ಅಂದಳು ಗೇನರ್. ಮುಖ ಕೈಕೊಟ್ಟಿತೆಂದು ಅವಳಿಗೇ ಗೊತ್ತಾಯಿತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನ್ ಹೊಡೆದುಕೊಂಡಿತು.

ಆ ಕಡೆ ಚಿಕ್ಕ ವಯಸ್ಸಿನ ಹುಡುಗಿಯ ದನಿ. ಒಳ್ಳೆಯ ದನಿಯೇ. ಹೆಸರು, ಹುಟ್ಟಿದ ತಾರೀಕು, ಇಬ್ಬರೂ ಇದ್ದೀರಾ, ಸ್ಪೀಕರ್ ಹಾಕಿ. ನೆವಿಲ್‌ನ ಏಳು ಸಾವಿರ ಸರಿಯಿತ್ತು. ಆಮೇಲೆ ಗೇನರ್‌ಳ ಖಾತೆ. ಗೇನರ್ ಡಿಡ್ಲಮ್ ಅಂದರೇನೆಂದು, ಎಷ್ಟಕ್ಕೆ ಕಾಗದವಿದೆ ಎಷ್ಟಕ್ಕಿಲ್ಲವೆಂದು ತೊದಲುತ್ತ ವಿವರಿಸಿದಳು. ಹುಡುಗಿ ತಡೆದಳು.

"ಗೊತ್ತು ಮೇಡಂ, ನಮ್ಮಜ್ಜಿನೂ ಹಿಡೀತಿದ್ರು. ಬೇರೆಯವರ ದುಡ್ಡು ಅಂತ ಅವರು ಬರೆದುಕೊಟ್ಟಿದ್ರೆ ಅದನ್ನ ನಿಮ್ಮದು ಅಂತ ಹಿಡಿಯಲ್ಲ. ಕಾಗದ ಎಲ್ಲಾ ಕಳಿಸಿ, ನಾವು ಪರಿಶೀಲಿಸ್ತೀವಿ. ಆದ್ರೆ ಮೂರು ಸಾವಿರದ ನಾನೂರಕ್ಕೆ ಯಾರೂ ಬರ್ಕೊಟ್ಟಿಲ್ಲ ಅಂದ್ರಲ್ಲ. ಅದು ಯಾರದು?"

ಗೇನರ್ ಇಷ್ಟು ವರ್ಷ 'ನನ್ನದಲ್ಲ, ನನ್ನದಲ್ಲ' ಅಂದುಕೊಂಡೇ ಆ ದುಡ್ಡನ್ನು ಕಾದಿದ್ದಳು. "ನನ್ನದು," ಅಂದಳು.

"ನಿಮ್ಮದೇ ಆದ್ರೆ ಸಾರ್ ಉಳಿತಾಯದ ಜೊತೆ ಸೇರುತ್ತೆ. ಒಟ್ಟು ಹತ್ತು ಸಾವಿರದ ನಾನೂರು. ಹಣ ನಿಲ್ಲಲ್ಲ, ಆದ್ರೆ ತಿಂಗಳಿಗೆ ಅರವತ್ತು ಪೌಂಡ್ ಹತ್ರ ಕಡಿಮೆಯಾಗುತ್ತೆ. ಮೊದಲೇ ತಿಳಿಸದೇ ಇದ್ದಿದ್ದಕ್ಕೆ ದಂಡ ಇದೆ, ಹಿಂದೆ ಹೆಚ್ಚು ಬಂದಿದ್ದನ್ನೂ ಕಂತಿನಲ್ಲಿ ಮುರ್ಕೋತೀವಿ. ಬೇರೆಯವರದಾಗಿದ್ರೆ ಈಗಲೇ ಹೆಸರು ಹೇಳಿಬಿಡಿ ಮೇಡಂ. ನಿಮಗೇ ಒಳ್ಳೇದು."

ಅರವತ್ತು ಪೌಂಡ್ ಅಂದರೆ ಚಳಿಗಾಲದ ಗ್ಯಾಸು. ನೆವಿಲ್‌ನ ಎದೆಗೆ ಚಳಿ ಆಗಿಬರುವುದಿಲ್ಲ. ಗೇನರ್ ಮತ್ತೆ ನನ್ನದೇ ಅಂದಳು.

"ಸಾರ್, ನೀವೂ ಹೇಳ್ಬೇಕು. ಜಂಟಿ ಅರ್ಜಿ ಅಲ್ವಾ. ಆ ದುಡ್ಡು ನಿಮ್ಮ ಮನೆಯದು ಅಂತ ನೀವೂ ಒಪ್ತೀರಾ?"

ನೆವಿಲ್ ಫೋನನ್ನೇ ನೋಡುತ್ತ ಕೂತಿದ್ದ. ಒಂದು ಮೀನನ್ನೂ ಕದಿಯದವನು. ಅವನು ಈಗ ಇಲ್ಲ ಅಂದರೆ, ಅಥವಾ ಆ ಹೆಸರು ಹೇಳಿದರೆ, ಎಲ್ಲ ಮುಗಿಯಿತು. ಗೇನರ್ ಮೇಜಿನ ಅಂಚು ಹಿಡಿದುಕೊಂಡಳು. ದೇವರೇ, ಅವನ ಬಾಯಿ ಮುಚ್ಚಿಸು ಅಂದುಕೊಂಡಳು.

"ಹ್ಞೂ," ಅಂದ ನೆವಿಲ್. "ನಮ್ಮದೇ ಕಣಮ್ಮ. ನಮ್ಮ ಮನೇದೇ."

ಹುಡುಗಿ ಇನ್ನೂ ಏನೇನೋ ಹೇಳಿ, ವಂದನೆ ತಿಳಿಸಿ, ಫೋನ್ ಇಟ್ಟಳು. ಗಂಡಹೆಂಡತಿ ಎದುರುಬದುರು ಕೂತರು. ಹೊರಗೆ ಕಡಲಹಕ್ಕಿಗಳು ಪಕ್ಕದ ಮನೆಯ ಕಸದ ಡಬ್ಬಿಯ ಮೇಲೆ ಜಗಳವಾಡುತ್ತಿದ್ದವು.

"ಭಾನುವಾರ ಅವಳು ಅವನ ಕೈ ನೋಡಿದ್ದು ನಾನೂ ನೋಡ್ದೆ," ಅಂದ ನೆವಿಲ್. "ಅದಕ್ಕೂ ಮುಂಚೆನೂ ನೋಡಿದೀನಿ. ನೋಡಿಲ್ಲ ಅಂದ್ಕೊಂಡು ಸುಮ್ಮನಿದ್ದೆ." ಅವನ ಕಣ್ಣು ತುಂಬಿದವು. "ನಾನು ಬೆಳೆಸಿದ ಹುಡುಗ ಕಣೇ ಅವನು."

ಗೇನರ್ ಕೈ ಚಾಚಿ ಅವನ ಕೈ ಹಿಡಿಯುವಷ್ಟರಲ್ಲಿ ಫೋನ್ ಮತ್ತೆ ಹೊಡೆದುಕೊಂಡಿತು. ಕಚೇರಿಯ ಹುಡುಗಿ ಏನೋ ಮರೆತಳೆಂದುಕೊಂಡಳು. ಕಚೇರಿಯಲ್ಲ, ಬ್ಯಾರಿ.

"ಅಣ್ಣ, ಟೀನಾ ಅಲ್ಲಿದಾಳಾ? ಇವತ್ತು ಅವಳಿಗೆ ರಜಾ. ಸಾಮಾನು ತರ್ತೀನಿ ಅಂತ ಹೋದವಳು ಪತ್ತೆನೇ ಇಲ್ಲ. ಫೋನೂ ಎತ್ತಲ್ಲ." ದನಿಯಲ್ಲಿ ನಗುವಿರಲಿಲ್ಲ.

ನೆವಿಲ್ ಹೆಂಡತಿಯ ಮುಖ ನೋಡಿದ. ಟೀನಾ ಎಲ್ಲಿದ್ದಾಳೆಂದು ಗೇನರ್‌ಗೂ ಗೊತ್ತಿರಲಿಲ್ಲ.

"ಇಲ್ಲೇ ಇದಾಳಲ್ಲೋ," ಅಂದ ನೆವಿಲ್, ಭಾನುವಾರದ ಊಟಕ್ಕೆ ಕರೆಯುವ ಅದೇ ದನಿಯಲ್ಲಿ. "ಬೆಳಿಗ್ಗೆಯಿಂದ ಗೇನರ್ ಜೊತೆ ಕೂತು ಕ್ರಿಸ್ಮಸ್ ಪೈ ಮಾಡ್ತಿದಾಳೆ. ಕೈಯೆಲ್ಲಾ ಹಿಟ್ಟು, ಅದಕ್ಕೇ ಫೋನ್ ಎತ್ತಿಲ್ಲ. ಊಟ ಮಾಡ್ಕೊಂಡು ಬರ್ತಾಳೆ ಬಿಡು."

ಫೋನ್ ಇಟ್ಟವನೇ ಅದನ್ನು ಹೆಂಡತಿಯ ಕಡೆಗೆ ತಳ್ಳಿದ.

"ಬೇಗ ಅವಳಿಗೆ ಫೋನ್ ಮಾಡು. ಎಲ್ಲಿದ್ದೆ ಅಂತ ಅವನು ಕೇಳಿದಾಗ ಬೇರೆ ಏನಾದ್ರೂ ಹೇಳ್ಬಿಟ್ಟಾಳು."

ಗೇನರ್ ಫೋನ್ ಕಿವಿಗಿಟ್ಟುಕೊಂಡಳು. ಆ ಕಡೆ ಗಂಟೆ ಹೊಡೆಯುತ್ತಲೇ ಇತ್ತು. ನೆವಿಲ್ ಎದ್ದು ಕಪಾಟಿನಿಂದ ಹಿಟ್ಟಿನ ಪೊಟ್ಟಣ ತೆಗೆದ.